ಯರಗಟ್ಟಿ ಕ್ರಾಸಿನ ಪಾರಿಜಾತ

ನಮ್ಮ ಯರಗಟ್ಟಿಯನ್ನು ನೋಡಲೆಂದೇ ಬರುವವರು ಕಡಿಮೆ. ಇಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವವರೇ ಹೆಚ್ಚು. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯೂ ಸವದತ್ತಿಯಿಂದ ಗೋಕಾಕಿಗೆ ಹೋಗುವ ದಾರಿಯೂ ಇಲ್ಲಿ ಒಂದನ್ನೊಂದು ದಾಟುತ್ತವೆ. ಬೈಲಹೊಂಗಲಕ್ಕೂ ಇಲ್ಲಿಂದ ದಾರಿ ಇದೆ. ಹಿಂದೆ ಸವದತ್ತಿ ತಾಲೂಕಿನ, ಅಂದರೆ ಹಳಬರ ಬಾಯಲ್ಲಿ ಪರಸಗಡ ತಾಲೂಕಿನ, ಒಂದು ದೊಡ್ಡ ಊರಾಗಿದ್ದದ್ದು ಈಗ ಕೆಲವು ವರ್ಷಗಳಿಂದ ತಾನೇ ತಾಲೂಕಾಗಿದೆ. ಆದರೂ ಜನ ಇದನ್ನು ಕರೆಯುವುದು ‘ಯರಗಟ್ಟಿ ಕ್ರಾಸ್’ ಎಂದೇ.

ಈ ಕ್ರಾಸಿನಲ್ಲಿ ನಾನು ಬ್ಯಾಂಕಿನ ಗುಮಾಸ್ತನಾಗಿ ಬಹಳ ವರ್ಷ ಕೆಲಸ ಮಾಡಿದೆ. ನಿವೃತ್ತನಾದ ಮೇಲೆ ಇಲ್ಲೇ ಮನೆ ಮಾಡಿದೆ. ಈಗ ನನಗೆ 74. ಸಂಜೆ ಹೊತ್ತು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಬಸ್ಸಿನ ಬೋರ್ಡು ಓದುವುದು ನನ್ನ ರೂಢಿ. ನಾಟಕದ ಹುಚ್ಚಿದ್ದವನಿಗೆ ಒಂದೊಂದು ಬೋರ್ಡೂ ಒಂದೊಂದು ನಾಟಕದ ಜಾಹೀರಾತಿನ ಹಾಗೆ ಕಾಣುತ್ತದೆ. ಬೈಲಹೊಂಗಲದ ಬಸ್ಸು ಬಂದರೆ ಅಲ್ಲಿ ಹುಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ನೆನಪು. ಸವದತ್ತಿಯ ಬಸ್ಸು ಬಂದರೆ ಯಲ್ಲಮ್ಮನ ಗುಡ್ಡ, ಚೌಡಿಕೆಯ ನಾದ, ಮತ್ತೆ ಆ ತಾಲೂಕಿನ ಏಣಗಿಯಲ್ಲಿ ಹುಟ್ಟಿ, ಸಣ್ಣ ಹುಡುಗನಿದ್ದಾಗಲೇ ಬಣ್ಣ ಹಚ್ಚಿ, 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು. ಬಾಗಲಕೋಟೆಯ ಬಸ್ಸು ಬಂದರೆ ಅದರಾಚೆಗಿನ ಬೀಳಗಿ. ಗೋಹರಬಾಯಿ, ಅಮೀರಬಾಯಿ ಕರ್ನಾಟಕಿ ಎಂಬ ಅಕ್ಕತಂಗಿಯರು ಅಲ್ಲಿಂದ ಹೊರಟು ಹಾಡುತ್ತ ಮುಂಬಯಿ ಮುಟ್ಟಿದವರು. ಗೋಕಾಕದ ಬಸ್ಸು ಬಂದರೆ ಕೌಜಲಗಿ, ಕುಲಗೋಡ, ಶ್ರೀಕೃಷ್ಣ ಪಾರಿಜಾತ.

ಗೋಕಾಕದ ಬಸ್ಸು ಬಂದರೆ ಇನ್ನೊಂದು ನೆನಪೂ ಬರುತ್ತದೆ. ಅದು ಕರದಂಟು. ನಮ್ಮ ಮನೆಯ ಪಂದ್ಯದ ಬಹುಮಾನ ಅದೇ.

*

ಪಂದ್ಯ ಶುರುವಾದದ್ದು 1988ರಲ್ಲಿ. ಆಗ ಪತ್ರಿಕೆ ಯರಗಟ್ಟಿಗೆ ಬೆಳಗಿನ ಬಸ್ಸಿನಲ್ಲಿ ಬರುತ್ತಿತ್ತು. ಆ ವರ್ಷದ ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ ಚಿಂದೋಡಿ ಲೀಲಾ ಅವರ ಹೆಸರಿತ್ತು. ಪದ್ಮಶ್ರೀ! ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಲೀಲಮ್ಮನವರು. ಅವರ ‘ಹಳ್ಳಿ ಹುಡುಗಿ’ಯನ್ನು ನಾವಿಬ್ಬರೂ ಮದುವೆಯಾದ ಹೊಸತರಲ್ಲಿ ನೋಡಿದ್ದೆವು. ನನ್ನಾಕೆ ಪತ್ರಿಕೆಯನ್ನು ನನ್ನ ಕೈಯಿಂದ ಕಸಿದುಕೊಂಡು, “ನಾ ಅವತ್ತೇ ಹೇಳಿದ್ದೆ, ಈಕಿಗೆ ದೊಡ್ಡ ಬಹುಮಾನ ಬರತದ ಅಂತ” ಎಂದಳು.

“ಯಾವತ್ತ ಹೇಳಿದ್ದಿ? ಬರದದ್ದು ಎಲ್ಲೈತಿ?” ಎಂದೆ. ಬ್ಯಾಂಕಿನವರ ಗುಣವೇ ಹಾಗೆ. ಬರೆದಿಡದೆ ಇದ್ದದ್ದು ಆಗಲೇ ಇಲ್ಲ ಎಂದು ಲೆಕ್ಕ.

ಹಾಗಾದರೆ ಮುಂದಿನ ವರ್ಷದಿಂದ ಬರೆದಿಡೋಣ ಎಂದಳು. ಹಳೆಯದೊಂದು ಲೆಡ್ಜರ್ ಪುಸ್ತಕ ತಂದೆ. ಎಡಗಡೆ ನನ್ನ ಹೆಸರು, ಬಲಗಡೆ ಅವಳದು. ನಿಯಮ ಇಷ್ಟೇ: ಜನವರಿ 25ರ ಮಧ್ಯಾಹ್ನದೊಳಗೆ ಒಬ್ಬ ಹಾಡುವ ನಟಿಯ ಹೆಸರು ಬರೆಯಬೇಕು. ಕನ್ನಡ ರಂಗಭೂಮಿಯವಳಾಗಿರಬೇಕು. ಪದ್ಮ ಪಟ್ಟಿಯಲ್ಲಿ ಆಕೆಯ ಹೆಸರು ಬಂದರೆ, ಸೋತವರು ಗೋಕಾಕಕ್ಕೆ ಹೋಗಿ ಎರಡು ಕಿಲೋ ಕರದಂಟು ತರಬೇಕು. ಯಾರೂ ಗೆಲ್ಲದಿದ್ದರೆ ಕರದಂಟು ಮುಂದಿನ ವರ್ಷಕ್ಕೆ ಬಾಕಿ.

ಮಕ್ಕಳೇ, ಆ ಬಾಕಿ ಬೆಳೆದ ರೀತಿ ಕೇಳಿದರೆ ನಗುತ್ತೀರಿ. ಹತ್ತು ವರ್ಷವಾಯಿತು, ಇಪ್ಪತ್ತು ವರ್ಷವಾಯಿತು. ನಾವು ಬರೆದ ಹೆಸರು ಒಂದೂ ಬರಲಿಲ್ಲ. 2010ರಲ್ಲಿ ಬೆಂಗಳೂರಿನ ರಂಗಶಂಕರದ ಅರುಂಧತಿ ನಾಗ್ ಅವರಿಗೆ ಪದ್ಮಶ್ರೀ ಬಂತು. ಇಬ್ಬರೂ ಅವರ ಹೆಸರು ಬರೆದಿರಲಿಲ್ಲ. “ಅವರು ಕಂಪನಿ ನಾಟಕದವರಲ್ಲ, ನಮ್ಮ ಲೆಕ್ಕಕ್ಕೆ ಬರಂಗಿಲ್ಲ” ಎಂದು ನಾನು ಸಮಾಧಾನ ಹೇಳಿಕೊಂಡೆ. “ಸೋತವರು ಹಿಂಗೇ ಅಂತಾರ” ಎಂದಳು.

ನನ್ನ ಊಹೆಗೆ ಒಂದು ಪದ್ಧತಿ ಇತ್ತು. ಸಾಲ ಕೇಳಿ ಬಂದವರ ಕಾಗದ ನೋಡುವ ಹಾಗೆ ನಟಿಯರ ಕಾಗದ ನೋಡುತ್ತಿದ್ದೆ. ವಯಸ್ಸೆಷ್ಟು, ಎಷ್ಟು ವರ್ಷದ ರಂಗಸೇವೆ, ರಾಜ್ಯ ಪ್ರಶಸ್ತಿ ಬಂದಿದೆಯೇ, ಕೇಂದ್ರದ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿದೆಯೇ ಎಂದು ಒಂದೊಂದಕ್ಕೂ ಅಂಕ ಹಾಕುತ್ತಿದ್ದೆ. ಹೆಚ್ಚು ಅಂಕ ಬಂದವರ ಹೆಸರು ಬರೆಯುತ್ತಿದ್ದೆ. ಹಾಗೆ ವರ್ಷ ವರ್ಷ ನನ್ನ ಕಡೆಗೆ ಬೀಳುತ್ತಿದ್ದ ಹೆಸರು ಬಳ್ಳಾರಿಯ ಸುಭದ್ರಮ್ಮ ಮನ್ಸೂರು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿ, ಹೇಮರೆಡ್ಡಿ ಮಲ್ಲಮ್ಮ. ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಕೇಳುವ ಧ್ವನಿ. ನನ್ನಾಕೆಗೆ ಪದ್ಧತಿ ಗಿದ್ಧತಿ ಇರಲಿಲ್ಲ. ಬನಶಂಕರಿ ಜಾತ್ರೆಯಿಂದ ಬಂದ ಮೇಲೆ ಅವಳಿಗೆ ತೋಚಿದ ಹೆಸರು ಬರೆಯುತ್ತಿದ್ದಳು.

ಬನಶಂಕರಿ ಜಾತ್ರೆಯ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಬಾದಾಮಿಯ ಹತ್ತಿರ ಬನದ ಹುಣ್ಣಿಮೆಗೆ, ಅಂದರೆ ಬಹುತೇಕ ಜನವರಿಯಲ್ಲಿ, ತೇರು ಎಳೆಯುತ್ತಾರೆ. ಆಮೇಲೆ ಸುಮಾರು ಒಂದು ತಿಂಗಳು ಜಾತ್ರೆ. ನಮ್ಮ ಕಡೆಯ ನಾಟಕ ಕಂಪನಿಗಳೆಲ್ಲ ಅಲ್ಲಿ ಸಾಲಾಗಿ ತಗಡಿನ ಥಿಯೇಟರು ಹಾಕುತ್ತವೆ. ಒಂದು ಆಟ ಮುಗಿಸಿ ಹೊರಬಂದು, ಮಿರ್ಚಿ ತಿಂದು, ಎದುರಿನ ಥಿಯೇಟರಿನ ಇನ್ನೊಂದು ಆಟಕ್ಕೆ ಒಳಗೆ ಹೋಗಬಹುದು. ಬೆಳಗಿನವರೆಗೆ ಆಟ. ಯರಗಟ್ಟಿಯಿಂದ ಕುಟುಂಬ ಸಮೇತ ಹೋಗಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಮರುದಿನ ಕೌಂಟರಿನಲ್ಲಿ ತೂಕಡಿಸಿದ್ದು ಎಷ್ಟು ಸಲವೋ. ಪದ್ಮ ಪಟ್ಟಿ ಹೊರಬರುವುದೂ ಅದೇ ತಿಂಗಳಲ್ಲಿ. ಹೀಗಾಗಿ ನಮ್ಮ ಮನೆಯಲ್ಲಿ ಜಾತ್ರೆ, ಪಂದ್ಯ ಎರಡೂ ಒಂದೇ ಹಬ್ಬ.

2012ರಲ್ಲಿ ಅವಳು ಗೆದ್ದಳು. ಮೈಸೂರಿನ ಆರ್. ನಾಗರತ್ನಮ್ಮನವರಿಗೆ ಪದ್ಮಶ್ರೀ ಬಂತು. ಅವರು 1958ರಲ್ಲಿ ಹೆಣ್ಣುಮಕ್ಕಳನ್ನೇ ಸೇರಿಸಿಕೊಂಡು ಸ್ತ್ರೀ ನಾಟಕ ಮಂಡಳಿ ಕಟ್ಟಿದವರು. ಭೀಮ, ಕಂಸ, ರಾವಣರ ಪಾತ್ರಗಳನ್ನು ತಾವೇ ಮಾಡುತ್ತಿದ್ದರು. ಒಂದು ಕಾಲದಲ್ಲಿ ಗಂಡಸರು ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದರು. ಈಕೆ ಗದೆ ಹಿಡಿದು ಅದರ ಲೆಕ್ಕ ಚುಕ್ತಾ ಮಾಡಿದರು ಎಂದು ನನ್ನಾಕೆ ಹೇಳುತ್ತಿದ್ದಳು. ಆ ವರ್ಷ ಅವರ ಹೆಸರನ್ನೇ ಏಕೆ ಬರೆದೆ ಎಂದು ಕೇಳಿದೆ. “ಎಂಬತ್ತು ದಾಟೇತಿ. ಸರಕಾರಕ್ಕ ಎಚ್ಚರ ಆಗೋದು ಆವಾಗ” ಎಂದಳು. ಅದೇ ವರ್ಷದ ಅಕ್ಟೋಬರಿನಲ್ಲಿ ನಾಗರತ್ನಮ್ಮನವರು ತೀರಿಕೊಂಡರು. ಎಚ್ಚರ ಇನ್ನೊಂದು ವರ್ಷ ತಡವಾಗಿದ್ದರೆ?

ನಾನು ಗೋಕಾಕಕ್ಕೆ ಹೋಗಿ ಬಾಕಿಯನ್ನೆಲ್ಲ ಬಿಟ್ಟು ಎರಡೇ ಕಿಲೋ ತಂದೆ. ‘ಅಸಲು ಮಾತ್ರ, ಬಡ್ಡಿ ಮನ್ನಾ’ ಎಂದು ಲೆಡ್ಜರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

2013ಕ್ಕೆ ನನ್ನ ತರ್ಕ ಹೀಗಿತ್ತು: ಹೋದ ವರ್ಷ ತಾನೇ ಕನ್ನಡದ ನಟಿಗೆ ಕೊಟ್ಟಿದ್ದಾರೆ, ಈ ವರ್ಷ ಖಂಡಿತ ಕೊಡುವುದಿಲ್ಲ. ಅದಕ್ಕೆ ಹೆಸರಿನ ಬದಲು ಗೆರೆ ಎಳೆದೆ. ಆ ವರ್ಷ ಬಿ. ಜಯಶ್ರೀ ಅವರಿಗೆ ಬಂತು. ಗುಬ್ಬಿ ವೀರಣ್ಣನವರ ಮೊಮ್ಮಗಳು. ‘ಲಕ್ಷಾಪತಿ ರಾಜನ ಕತೆ’, ‘ಕರಿಮಾಯಿ’ ನಾಟಕಗಳನ್ನು ಹಾಡಿನ ಮೇಲೆಯೇ ನಿಲ್ಲಿಸಿದವರು. ನನ್ನ ಪದ್ಧತಿಯಂತೆ ಅಂಕ ಹಾಕಿದ್ದರೆ ಅವರೇ ಮೊದಲು ಬರುತ್ತಿದ್ದರು. 1996ರಲ್ಲೇ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಾನು ಲೆಕ್ಕ ಬಿಟ್ಟು ಜಾಣತನ ಮಾಡಲು ಹೋಗಿ ಕೆಟ್ಟೆ.

ಸುಭದ್ರಮ್ಮ ಮನ್ಸೂರರ ಹೆಸರನ್ನು 2020ರ ಜನವರಿಯಲ್ಲೂ ಬರೆದೆ. ಅದೇ ವರ್ಷದ ಜುಲೈನಲ್ಲಿ ಅವರು ಹೋದರು. ತೀರಿಹೋದವರಿಗೆ ಈ ಪ್ರಶಸ್ತಿ ಸಾಮಾನ್ಯವಾಗಿ ಕೊಡುವುದಿಲ್ಲ. ಲೆಡ್ಜರಿನ ಎಡಗಡೆ ಅವರ ಹೆಸರು ಎಷ್ಟು ಸಲ ಇದೆಯೆಂದು ನಾನು ಎಣಿಸಲು ಹೋಗಿಲ್ಲ.

2021ರ ಪಟ್ಟಿ ಇಬ್ಬರನ್ನೂ ಸೋಲಿಸಿತು. ಮಂಜಮ್ಮ ಜೋಗತಿ! ಬಳ್ಳಾರಿ ಕಡೆಯವರು, ಜೋಗತಿ ನೃತ್ಯ, ಯಲ್ಲಮ್ಮನ ಹಾಡು, ಯಲ್ಲಮ್ಮನ ಆಟ ಕಟ್ಟಿಕೊಂಡು ಬದುಕಿದವರು. ಗಂಡಾಗಿ ಹುಟ್ಟಿ, ಹೆಣ್ಣಾಗಿ ಬಾಳಿ, ಬಹಳ ಅವಮಾನ ನುಂಗಿ, ಕೊನೆಗೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. ಪ್ರಶಸ್ತಿ ತೆಗೆದುಕೊಳ್ಳುವ ಮುನ್ನ ಅವರು ರಾಷ್ಟ್ರಪತಿಯವರಿಗೆ ಸೀರೆಯ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೋಡಿ ನನ್ನಾಕೆ ಕಣ್ಣೊರೆಸಿಕೊಂಡಳು. “ಯಲ್ಲಮ್ಮ ಇರೋದು ನಮ್ಮ ಸವದತ್ತಿಯೊಳಗ. ಬಸ್ಸು ತುಂಬ ಜೋಗತ್ಯಾರು ನಮ್ಮ ಕ್ರಾಸಿನ್ಯಾಗ ಇಳೀತಾರ. ನಾವು ಮೈಸೂರು, ಬೆಂಗಳೂರು ಅಂತ ಹುಡುಕಿದಿವಿ” ಎಂದಳು.

ನನ್ನ ಅಂಕದ ಪಟ್ಟಿಯಲ್ಲಿ ಅಂಥವರಿಗೆ ಕಾಲಮ್ಮೇ ಇರಲಿಲ್ಲ.

*

ಈ ವರ್ಷ, 2025ರಲ್ಲಿ, ಪಂದ್ಯಕ್ಕೆ ಇಬ್ಬರು ಹೊಸಬರು ಸೇರಿದರು. ಒಬ್ಬಳು ಮಗಳ ಮಗಳು, ಎಂಟನೆಯ ತರಗತಿ. ಇನ್ನೊಬ್ಬ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗನ ಮಗ, ಶಾಲೆಯ ನಾಟಕದಲ್ಲಿ ಹಾಡುವವನು.

ಜನವರಿಯಲ್ಲಿ ಎಲ್ಲರೂ ಸೋತೆವು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಗಲುಗೊಂಬೆಯಾಟದ ಕಲಾವಿದೆ. ವಯಸ್ಸು 96. ಪರದೆಯ ಹಿಂದೆ ದೀಪ, ದೀಪದ ಮುಂದೆ ಗೊಂಬೆ, ಗೊಂಬೆಗೆ ಧ್ವನಿ. ಜೀವಮಾನವೆಲ್ಲ ರಾಮಾಯಣ ಮಹಾಭಾರತ ಆಡಿಸಿದ ಅಜ್ಜಿ. “ನಟಿ ಅನ್ನಬಹುದಾ ಅಜ್ಜಾ?” ಎಂದು ಮೊಮ್ಮಗಳು ಕೇಳಿದಳು. ಒಬ್ಬಳೇ ಕೂತು ಸೀತೆಯೂ ಆಗಿ ಮಂಡೋದರಿಯೂ ಆಗುವವಳನ್ನು ನಟಿ ಅನ್ನದೆ ಏನನ್ನಬೇಕು? ಆದರೆ ಯಾರೂ ಅವರ ಹೆಸರು ಬರೆದಿರಲಿಲ್ಲ. ಕರದಂಟು ಬಾಕಿ.

ಜೂನ್ ತಿಂಗಳಲ್ಲಿ ಅಮೆರಿಕದ ಮೊಮ್ಮಗ ತನ್ನ ಕಡೆಯ ಪಂದ್ಯ ತಂದ. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ನಾಟಕಗಳಿಗೆ ಟೋನಿ ಪ್ರಶಸ್ತಿ ಎಂದು ಕೊಡುತ್ತಾರೆ. ಆಂಟೊನೆಟ್ ಪೆರಿ ಎಂಬ ನಟಿ, ನಿರ್ದೇಶಕಿಯ ನೆನಪಿಗೆ 1947ರಲ್ಲಿ ಶುರುವಾದದ್ದು. ಅಲ್ಲಿಯ ಸಂಗೀತ ನಾಟಕವೆಂದರೆ ಹೆಚ್ಚುಕಡಿಮೆ ನಮ್ಮ ಕಂಪನಿ ನಾಟಕದ ಹಾಗೆಯೇ. ಮಾತು ಆಡುತ್ತ ಆಡುತ್ತ ಹಾಡಿಗೆ ಏಳುತ್ತಾರೆ. ಈ ಸಲದ ಸಂಗೀತ ನಾಟಕದ ಪ್ರಧಾನ ನಟಿ ಪ್ರಶಸ್ತಿಗೆ ಐವರು ಸ್ಪರ್ಧಿಗಳಿದ್ದರು: ಆಡ್ರಾ ಮೆಕ್‌ಡೊನಾಲ್ಡ್, ನಿಕೋಲ್ ಶೆರ್ಜಿಂಗರ್, ಮೇಗನ್ ಹಿಲ್ಟಿ, ಜೆನ್ನಿಫರ್ ಸಿಮರ್ಡ್, ಜಾಸ್ಮಿನ್ ಏಮಿ ರಾಜರ್ಸ್. ವಿಡಿಯೋ ಕಾಲಿನಲ್ಲಿ ಮೊಮ್ಮಗ ಐವರ ಹಾಡೂ ಕೇಳಿಸಿದ.

ನಾನು ಹಳೆಯ ಪದ್ಧತಿ ತೆಗೆದೆ. ಆಡ್ರಾ ಅವರಿಗೆ ಆಗಲೇ ಆರು ಟೋನಿ ಬಂದಿವೆ, ನಟನೆಗೆ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ ಎಂದ. ಸರಿ, ಅಂಕ ಅವರಿಗೇ ಹೆಚ್ಚು. ಆಡ್ರಾ ಎಂದು ಬರೆಸಿದೆ. ಜೂನ್ 8ರ ರಾತ್ರಿ ಗೆದ್ದದ್ದು ನಿಕೋಲ್ ಶೆರ್ಜಿಂಗರ್, ‘ಸನ್‌ಸೆಟ್ ಬುಲೆವಾರ್ಡ್’ ನಾಟಕಕ್ಕೆ. ಪಾಪ್ ಹಾಡಿನಿಂದ ಬಂದವಳು, ಬ್ರಾಡ್‌ವೇಯಲ್ಲಿ ಇದೇ ಮೊದಲು. “ಅಜ್ಜಾ, ಇಲ್ಲಿ ಪೂರ್ತಿ ಲೈಫಿಗೆ ಕೊಡೋದಲ್ಲ. ಈ ವರ್ಷದ ಈ ಪಾತ್ರಕ್ಕೆ ಮಾತ್ರ” ಎಂದು ಹುಡುಗ ನಕ್ಕ.

ಆಮೇಲೆ ಅವನೇ ಒಂದು ಪ್ರಶ್ನೆ ಕೇಳಿದ: “ನಿಮ್ಮ ಕಡೆ ಶಾರ್ಟ್‌ಲಿಸ್ಟ್ ಯಾರು ಹಾಕತಾರೆ? ಐದು ಹೆಸರು ಯಾರು ಕೊಡತಾರೆ?”

ಅಂಥ ಪಟ್ಟಿ ನಮ್ಮಲ್ಲಿ ಹೊರಗೆ ಬರುವುದಿಲ್ಲ ಎಂದೆ. ಅಲ್ಲಿ ನಾಟಕ ಆಡಿದ್ದರೆ ಸಾಕು, ಆಯ್ಕೆ ಮಾಡುವವರೇ ಬಂದು ನೋಡುತ್ತಾರೆ. ಇಲ್ಲಿ ಯಾರಾದರೂ ಹೆಸರು ಕಳಿಸಬೇಕು. ಪದ್ಮ ಪ್ರಶಸ್ತಿಗೆ ದೇಶದ ಯಾವ ನಾಗರಿಕನಾದರೂ, ನಿಮ್ಮಜ್ಜನಾದರೂ, ಹೆಸರು ಸೂಚಿಸಬಹುದು. ಈಗ ಎಲ್ಲ ಆನ್‌ಲೈನ್. ಆ ವ್ಯಕ್ತಿ ಏನು ಮಾಡಿದ್ದಾರೆಂದು 800 ಶಬ್ದದೊಳಗೆ ಬರೆಯಬೇಕು.

“ಹಾಗಾದರೆ ನೀವು ಯಾರನ್ನ ಕಳಿಸಿದೀರಿ ಅಜ್ಜಾ?”

ಮೂವತ್ತಾರು ವರ್ಷ ಊಹೆ ಮಾಡಿದ್ದೇನೆ. ಒಂದು ಹೆಸರೂ ಕಳಿಸಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು.

*

ಆ ಪ್ರಶ್ನೆ ನನಗೆ ಚುಚ್ಚಿದ್ದಕ್ಕೆ ಕಾರಣ ಇದೆ. ಇದನ್ನು ನಾನು ಮನೆಯಲ್ಲೂ ಪೂರ್ತಿ ಹೇಳಿರಲಿಲ್ಲ.

ನಾನು ಕೌಂಟರಿನಲ್ಲಿದ್ದಾಗ ತಿಂಗಳಿಗೊಮ್ಮೆ ಒಬ್ಬ ಹೆಣ್ಣುಮಗಳು ಮಾಸಾಶನದ ಹಣ ತೆಗೆಯಲು ಬರುತ್ತಿದ್ದಳು. ಸರಕಾರ ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಕೊಡುವ ಮಾಸಾಶನ. ಹೆಸರು ಬೇಡ, ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಹರೆಯದಲ್ಲಿ ಪಾರಿಜಾತದಲ್ಲಿ ರುಕ್ಮಿಣಿ, ಭಾಮೆ ಎರಡೂ ಪಾತ್ರ ಮಾಡಿದವಳು. ಆಮೇಲೆ ಕಂಪನಿಗಳಲ್ಲಿ ಊರೂರು ತಿರುಗಿದವಳು. ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಸಾವಿರ ಪದ ಬಾಯಿಪಾಠ.

ಒಂದು ದಿನ ಕರೆಂಟು ಹೋಗಿತ್ತು. ಕಂಪ್ಯೂಟರು ನಿಂತು ಎಲ್ಲರೂ ಬೆಂಚಿನ ಮೇಲೆ ಕೂತಿದ್ದರು. ಯಾರೋ “ಯಕ್ಕಾ, ಒಂದು ಪದ ಅನ್ನಲಾ” ಎಂದರು. ಆಕೆ ಸೆರಗು ಸರಿಮಾಡಿಕೊಂಡು, ಎಡಗೈ ಕಿವಿಗೆ ಹಚ್ಚಿ, ಭಾಮೆಯ ಸಿಟ್ಟಿನ ಪದ ಎತ್ತಿದಳು. ಮುಪ್ಪಿನ ಧ್ವನಿ ಮೊದಲು ನಡುಗಿತು. ಎರಡನೆಯ ಸಾಲಿಗೆ ನಡುಕ ಹೋಯಿತು. ಬೀದಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತರು. ನಾನು ಎಣಿಸುತ್ತಿದ್ದ ನೋಟಿನ ಕಟ್ಟು ಕೈಯಲ್ಲೇ ಉಳಿಯಿತು. ಅವತ್ತು ಸಂಜೆ ನನ್ನ ಲೆಕ್ಕ ನೂರು ರೂಪಾಯಿ ತಪ್ಪಿತ್ತು. ಹುಡುಕಿ ಸರಿಮಾಡುವುದಕ್ಕೆ ಎಂಟು ಗಂಟೆಯಾಯಿತು. ಬೇಸರವಾಗಲಿಲ್ಲ.

ಅದಾದ ಮೇಲೆ, 2006ರಲ್ಲಿ, ಆಕೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಒಳಗೆ ಎರಡು ಫೋಟೊ, ಮಡಿಕೆ ಹರಿದ ಒಂದು ಹ್ಯಾಂಡ್‌ಬಿಲ್ಲು, ಯಾವುದೋ ಊರಿನ ಜಾತ್ರಾ ಕಮಿಟಿಯವರು ಕೊಟ್ಟ ಬೆಳ್ಳಿ ಬಿಲ್ಲೆ. ರಾಜ್ಯದ ಒಂದು ಪ್ರಶಸ್ತಿಗೆ ಅರ್ಜಿ ಕರೆದಿದ್ದಾರಂತೆ. “ಸಾಹೇಬ್ರ, ನೀವು ನಾಟಕ ತಿಳದವರು. ಬರದು ಕೊಡ್ರಿ” ಎಂದಳು.

ಸಪ್ಟೆಂಬರ್ ತಿಂಗಳು. ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕದ ಗಡಿಬಿಡಿ. “ಮುಂದಿನ ವಾರ ಬಾ ಯಕ್ಕಾ” ಎಂದೆ. ಮುಂದಿನ ವಾರ ಬಂದಳು. ಮತ್ತೆ ಮುಂದಿನ ವಾರ ಎಂದೆ. ಚೀಲ ನನ್ನ ಡ್ರಾವರಿನಲ್ಲೇ ಇತ್ತು. ಅರ್ಜಿಯ ದಿನ ದಾಟಿದ್ದು ನನಗೆ ತಿಳಿದದ್ದು ದಾಟಿ ನಾಲ್ಕು ದಿನದ ಮೇಲೆ. ಆಕೆ ಸಿಟ್ಟು ಮಾಡಲಿಲ್ಲ. “ಇರಲಿ ಬಿಡ್ರಿ, ಮುಂದಿನ ವರ್ಷ” ಎಂದು ಚೀಲ ತೆಗೆದುಕೊಂಡು ಹೋದಳು. ಮುಂದಿನ ವರ್ಷದ ಹೊತ್ತಿಗೆ ಹಾಸಿಗೆ ಹಿಡಿದಿದ್ದಳು. ಮಾಸಾಶನಕ್ಕೆ ಮಗಳು ಬರುತ್ತಿದ್ದಳು. ಆಮೇಲೆ ಮಗಳೂ ಬರಲಿಲ್ಲ. ಖಾತೆ ಮುಚ್ಚಿದ ಕಾಗದಕ್ಕೆ ಸಹಿ ಹಾಕಿದ್ದು ನಾನೇ.

ಅರ್ಜಿ ಹಾಕಿದ್ದರೆ ಪ್ರಶಸ್ತಿ ಬರುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಬರುತ್ತಿರಲಿಲ್ಲ ಎಂದು ಹೇಳುವುದಕ್ಕೂ ನನಗೆ ಅಧಿಕಾರವಿಲ್ಲ. ಆಟ ನೋಡುವ ಮುಂಚೆಯೇ ನಾನು ಪರದೆ ಇಳಿಸಿಬಿಟ್ಟಿದ್ದೆ. ಆ ವರ್ಷದ ಜನವರಿಯಲ್ಲೂ ಲೆಡ್ಜರಿನಲ್ಲಿ ಅಂಕ ಹಾಕಿ ಬೇರೆ ಯಾರದೋ ಹೆಸರು ಬರೆದಿದ್ದೇನೆ.

ಫೋನ್ ಇಟ್ಟ ರಾತ್ರಿ ಇದನ್ನೆಲ್ಲ ನನ್ನಾಕೆಗೆ, ಮೊಮ್ಮಗಳಿಗೆ ಹೇಳಿದೆ. ನನ್ನಾಕೆ ಬಹಳ ಹೊತ್ತು ಮಾತಾಡಲಿಲ್ಲ. ಮೊಮ್ಮಗಳು ಮಾತ್ರ, “ಈಗ ಹಂಥವರು ಯಾರೂ ಇಲ್ಲೇನಜ್ಜಾ?” ಎಂದಳು.

*

ಜುಲೈ ತಿಂಗಳ ಒಂದು ರವಿವಾರ ನಾವು ಮೂವರೂ ಗೋಕಾಕದ ದಾರಿಯ ಬಸ್ಸು ಹತ್ತಿದೆವು. ಈ ಸಲ ಕರದಂಟಿಗಲ್ಲ, ಕೌಜಲಗಿ ಕಡೆಗೆ.

ಯರಗಟ್ಟಿ ಬಿಟ್ಟರೆ ಎರಡೂ ಕಡೆ ಕರಿ ಮಣ್ಣು. ಎರೆಭೂಮಿ ಮಳೆ ಕುಡಿದು ಕಪ್ಪು ಕಂಬಳಿ ಹಾಸಿದ ಹಾಗಿತ್ತು. ಹೆಸರು ಹೂ ಬಿಟ್ಟಿತ್ತು, ಗೋವಿನಜೋಳ ಮೊಣಕಾಲಿನವರೆಗೆ ಎದ್ದಿತ್ತು. ನೀರಾವರಿಯ ಕಡೆ ಕಬ್ಬು, ಕಬ್ಬಿನ ನಡುವೆ ಟ್ರ್ಯಾಕ್ಟರಿನ ಹಾಡು. ಮಲಪ್ರಭೆ ನಮ್ಮ ದಕ್ಷಿಣಕ್ಕೆ, ಘಟಪ್ರಭೆ ಉತ್ತರಕ್ಕೆ. ಈ ಎರಡು ಹೊಳೆಗಳ ನಡುವಿನ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಆಟ ಇಲ್ಲದ ಊರು ಇರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕೂತು ಮೊಮ್ಮಗಳಿಗೆ ಪಾರಿಜಾತದ ಕತೆ ಹೇಳಿದೆ.

ನಾರದರು ದೇವಲೋಕದಿಂದ ಒಂದು ಪಾರಿಜಾತದ ಹೂ ತಂದು ಕೃಷ್ಣನಿಗೆ ಕೊಟ್ಟರು. ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸಿದ. ಸುದ್ದಿ ಸತ್ಯಭಾಮೆಗೆ ಮುಟ್ಟಿತು. ನನಗೇಕಿಲ್ಲ ಎಂದು ಆಕೆ ಮುನಿದು ಕೂತಳು. ಇಷ್ಟೇ ಕತೆ. ಇಷ್ಟನ್ನೇ ನಮ್ಮವರು ಬೆಳಗು ಹರಿಯುವವರೆಗೆ ಹಾಡುತ್ತಾರೆ. ಹಾರ್ಮೋನಿಯಂ, ತಬಲಾ, ತಾಳ. ಪದ ಎತ್ತಿಕೊಡುವ ಭಾಗವತ. ಭಾಮೆಯ ಗರ್ವವನ್ನು ಕೀಟಲೆ ಮಾಡುವ ದೂತಿ. ಕಣಿ ಹೇಳಲು ಬರುವ ಕೊರವಂಜಿ. ಅಪರಾಳ ತಮ್ಮಣ್ಣ ಬರೆದ ಈ ಆಟವನ್ನು ತಿದ್ದಿ ತೀಡಿ ಊರೂರಿಗೆ ಮುಟ್ಟಿಸಿದವರು ಕುಲಗೋಡದ ತಮ್ಮಣ್ಣ.

“ಅಂದ್ರ ಆ ಹೂವೇ ಪದ್ಮಶ್ರೀ. ಭಾಮಾ ಶಾರ್ಟ್‌ಲಿಸ್ಟಿನ್ಯಾಗ ಇದ್ದಳು, ಸಿಗಲಿಲ್ಲ” ಎಂದಳು ಮೊಮ್ಮಗಳು. ಪಕ್ಕದ ಸೀಟಿನ ರೈತ ಜೋರಾಗಿ ನಕ್ಕ.

ಮುಂದೆ ಬಸ್ಸು ಬದಲಿಸಿ ಕೌಜಲಗಿಯಲ್ಲಿ ಇಳಿದೆವು. ಪಾರಿಜಾತದಲ್ಲಿ ಹೆಣ್ಣುಮಕ್ಕಳ ಮಾತು ಬಂದರೆ ಮೊದಲು ಬರುವ ಹೆಸರು ಈ ಊರಿನದು: ಕೌಜಲಗಿ ನಿಂಗಮ್ಮ. ಗಂಡಸರೇ ಹೆಣ್ಣಿನ ವೇಷ ಕಟ್ಟುತ್ತಿದ್ದ ಆಟದೊಳಗೆ ಹೆಣ್ಣಾಗಿ ನಿಂತು ಹೆಸರು ಮಾಡಿದವರು. ಅವರ ಕಾಲದಲ್ಲಿ ಹೆಣ್ಣು ರಂಗದ ಮೇಲೆ ನಿಂತರೆ ಸಿಗುತ್ತಿದ್ದದ್ದು ಚಪ್ಪಾಳೆ ಮಾತ್ರವಲ್ಲ, ಬೆನ್ನ ಹಿಂದೆ ಬೈಗುಳವೂ. ಆ ಬೈಗುಳ ತಿಂದವರ ಹೆಗಲ ಮೇಲೆ ನಿಂತೇ ಲೀಲಾ, ನಾಗರತ್ನಮ್ಮ, ಜಯಶ್ರೀ ಎಲ್ಲರೂ ಬಂದದ್ದು ಎಂದು ಮೊಮ್ಮಗಳಿಗೆ ಹೇಳಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ನಾವು ಹುಡುಕಿಕೊಂಡು ಹೋದವಳು ಅಲ್ಲಿಂದ ಮುಂದಿನ ಒಂದು ಸಣ್ಣ ಹಳ್ಳಿಯಲ್ಲಿದ್ದಳು. ನಾಟಕದ ಪೇಟಿ ಮಾಸ್ತರರೊಬ್ಬರು ಗುರುತು ಹೇಳಿದ್ದರು. ಎಪ್ಪತ್ತೆಂಟರ ಅಜ್ಜಿ. ಹಂಚಿನ ಮನೆ, ಬಾಗಿಲಲ್ಲಿ ಎಮ್ಮೆ. ನಾವು ಹೋದಾಗ ಶೇಂಗಾ ಬೀಜ ಆರಿಸುತ್ತಿದ್ದಳು. ಬಂದ ಕಾರಣ ಹೇಳಿದೆ. ಮೊದಲು ನಂಬಲಿಲ್ಲ. “ರೊಕ್ಕ ಎಷ್ಟು ಕೊಡಬೇಕ್ರಿ ಇದಕ್ಕ?” ಎಂದಳು. ರೊಕ್ಕ ಕೊಡುವುದೂ ಇಲ್ಲ, ಸಿಗುವುದೂ ಇಲ್ಲ, ಪದ್ಮಶ್ರೀಯೊಳಗೆ ಹಣ ಇಲ್ಲ, ಒಂದು ಪದಕ, ಒಂದು ಸನ್ನದು ಅಷ್ಟೇ ಎಂದೆ. “ಮತ್ತ ಏನ ಮಾಡೋದು ತಗೊಂಡು?” ಎಂದು ನಕ್ಕಳು. ನನ್ನಾಕೆ ಆಕೆಯ ಪಕ್ಕದಲ್ಲಿ ಕೂತು ತಾನೂ ಶೇಂಗಾ ಆರಿಸತೊಡಗಿದಳು. ಆಮೇಲೆ ಮಾತು ತಾನಾಗಿ ಬಂತು.

ಎಷ್ಟನೆಯ ವಯಸ್ಸಿಗೆ ಗೆಜ್ಜೆ ಕಟ್ಟಿದ್ದು, ಯಾವ ಯಾವ ಊರಿನ ಆಟ, ಎತ್ತಿನ ಗಾಡಿಯಲ್ಲಿ ಮಗುವನ್ನು ಮಲಗಿಸಿ ರಂಗಕ್ಕೆ ಹೋದದ್ದು, ರಂಗದ ಮೇಲೆ ಭಾಮೆಯ ಗರ್ವ ಮಾಡುತ್ತ ಗಾಡಿಯಲ್ಲಿ ಮಗು ಅತ್ತದ್ದು ಕೇಳಿದರೂ ಪದ ನಿಲ್ಲಿಸದೆ ಹಾಡಿದ್ದು. ಯಾವುದಕ್ಕೂ ಕಾಗದ ಇಲ್ಲ. ಒಂದೇ ಒಂದು ಫೋಟೊ. ಅದರಲ್ಲೂ ಮುಖಕ್ಕೆ ನೀರು ಬಿದ್ದು ಕಲೆಯಾಗಿತ್ತು. ಮೊಮ್ಮಗಳು ಫೋನಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಳು. ಹೊರಡುವ ಮುಂಚೆ ಅಜ್ಜಿ ಕೇಳದೆಯೇ ಒಂದು ಪದ ಹಾಡಿದಳು. ಎಡಗೈ ಕಿವಿಗೆ ಹೋಯಿತು. ನಾನು ಆಚೆ ನೋಡಿದೆ.

ಮನೆಗೆ ಬಂದು ನಾಲ್ಕು ರಾತ್ರಿ ಕೂತು ಬರೆದೆವು. 800 ಶಬ್ದ ಎಂದರೆ ಬಹಳ ಎಂದುಕೊಂಡಿದ್ದೆ. ಅರವತ್ತು ವರ್ಷದ ಬದುಕು ಅದರೊಳಗೆ ಹಿಡಿಸಲು ಎಷ್ಟು ಕತ್ತರಿಸಬೇಕಾಯಿತು! ಗಾಡಿಯಲ್ಲಿ ಅಳುವ ಮಗುವಿನ ಸಾಲನ್ನು ನಾನು ಹೊಡೆದು ಹಾಕಿದೆ. ಸಾಧನೆಯ ಪಟ್ಟಿಯಲ್ಲಿ ಅದೇಕೆ ಎಂದು ನನ್ನ ಲೆಕ್ಕ. ಮೊಮ್ಮಗಳು ಅದನ್ನು ಮತ್ತೆ ಸೇರಿಸಿದಳು. ಕೊನೆಗೆ ಅವಳೇ ಎಲ್ಲವನ್ನೂ ತುಂಬಿ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ನಂಬರು ಬಂತು. ಅದನ್ನು ನಾನು ಲೆಡ್ಜರಿನಲ್ಲಿ ಬರೆದುಕೊಂಡೆ. ಕೈ ಸ್ವಲ್ಪ ನಡುಗಿತು.

*

ಮುಂದಿನ ಜನವರಿಗೆ ಯಾರ ಹೆಸರು ಬರೆಯುತ್ತೀರಿ ಎಂದು ನೀವು ಕೇಳಬಹುದು. ಲೆಡ್ಜರಿನ ಎರಡೂ ಕಡೆ ಆ ಅಜ್ಜಿಯ ಹೆಸರೇ ಇರುತ್ತದೆ. ಹಾಗಾದರೆ ಗೆದ್ದವರು ಯಾರು, ಸೋತವರು ಯಾರು, ಕರದಂಟು ತರುವವರು ಯಾರು ಎಂಬ ತಕರಾರು ಈಗಲೇ ಶುರುವಾಗಿದೆ. ಹೆಸರು ಬರುವ ಸಂಭವ ಎಷ್ಟು ಎಂದು ನನ್ನ ಹಳೆಯ ಪದ್ಧತಿಯಂತೆ ಅಂಕ ಹಾಕಿದರೆ ಬಹಳ ಕಡಿಮೆ. ರಾಜ್ಯ ಪ್ರಶಸ್ತಿ ಇಲ್ಲ, ಅಕಾಡೆಮಿ ಪ್ರಶಸ್ತಿ ಇಲ್ಲ, ಪತ್ರಿಕೆಯ ತುಣುಕೂ ಇಲ್ಲ. ಆದರೆ ಮಂಜಮ್ಮನವರಿಗೆ, ಭೀಮವ್ವನವರಿಗೆ ನನ್ನ ಪದ್ಧತಿಯಲ್ಲಿ ಎಷ್ಟು ಅಂಕ ಬರುತ್ತಿತ್ತು?

ಬಸ್ಸಿನಲ್ಲಿ ಹೇಳಿದ ಕತೆಯ ಕೊನೆಯನ್ನು ಮೊಮ್ಮಗಳಿಗೆ ಆಮೇಲೆ ಹೇಳಿದೆ. ಭಾಮೆಯ ಮುನಿಸು ತೀರಿಸಲು ಕೃಷ್ಣ ದೇವಲೋಕಕ್ಕೆ ಹೋಗಿ ಪಾರಿಜಾತದ ಗಿಡವನ್ನೇ ತಂದು ಅವಳ ಅಂಗಳದಲ್ಲಿ ನೆಟ್ಟ. ಗಿಡ ಭಾಮೆಯ ಅಂಗಳದಲ್ಲಿ, ಹೂ ಮಾತ್ರ ಬೀಳುತ್ತಿದ್ದದ್ದು ಗೋಡೆಯಾಚೆ ರುಕ್ಮಿಣಿಯ ಅಂಗಳದಲ್ಲಿ ಎಂದು ನಮ್ಮ ಹಿರಿಯರು ಹೇಳುತ್ತಾರೆ.

“ಹೂ ಎಲ್ಲಿ ಬೀಳತದ ಅಂತ ಹೇಳಾಕ ಬರಂಗಿಲ್ಲ. ಗಿಡ ಹಚ್ಚೋದಷ್ಟ ನಮ್ಮ ಕೈಯಾಗಿಂದು” ಎಂದಳು ನನ್ನಾಕೆ.

ಈಗಲೂ ಸಂಜೆ ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತೇನೆ. ಬೋರ್ಡು ಓದುತ್ತೇನೆ. ಬೈಲಹೊಂಗಲ, ಸವದತ್ತಿ, ಬಾಗಲಕೋಟೆ, ಗೋಕಾಕ. ಬಸ್ಸಿನಿಂದ ಇಳಿಯುವ ಮುದುಕಿಯರನ್ನು ಈಗ ಸ್ವಲ್ಪ ಹೆಚ್ಚು ಗಮನವಿಟ್ಟು ನೋಡುತ್ತೇನೆ. ಯಾರ ಕೈಯಲ್ಲಾದರೂ ಪ್ಲಾಸ್ಟಿಕ್ ಚೀಲ ಇದ್ದರೆ, ಎದ್ದು ಹೋಗಿ, “ಯಾವ ಊರಿಗೆ ಹೋಗಬೇಕವ್ವಾ?” ಎಂದು ಕೇಳುತ್ತೇನೆ. ಮಕ್ಕಳೇ, ನಿಮ್ಮ ಊರಿನಲ್ಲೂ ಅಂಥ ಒಬ್ಬ ಅಜ್ಜಿ ಇರಬಹುದು. ರಜೆಯಲ್ಲಿ ಹೋಗಿ ಒಂದು ಪದ ಕೇಳಿ, ಬರೆದಿಟ್ಟುಕೊಳ್ಳಿ. ಮುಂದಿನ ವಾರ ಎನ್ನಬೇಡಿ.